ಮೇಷ್ಟ್ರ ಜೇಬಿನ ಕೆಂಪು ಎಳೆ

ಎಲ್ಲೋ ಕಂಡ ಕೆಂಪು ಅದು — ಸಂಗೀತದ ಮೇಷ್ಟ್ರ ಬಿಳಿ ಶರ್ಟಿನ ಜೇಬಿನಿಂದ, ಪೆನ್ನಿನ ಪಕ್ಕದಲ್ಲಿ, ಬೆರಳುದ್ದದ ಒಂದು ಎಳೆ ಇಳಿಬಿದ್ದಿದೆ, ಬೇರೆಯವರ ಕಣ್ಣಿಗೆ ಬರೀ ದಾರ, ನಾಗರತ್ನಳ ಕಣ್ಣಿಗೆ ರೇಷ್ಮೆ, ಹುರಿ ಹಾಕಿದ ರೇಷ್ಮೆ, ಇಪ್ಪತ್ತು ವರ್ಷ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವಳಿಗೆ ಹತ್ತಿ ಯಾವುದು ರೇಷ್ಮೆ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ಚಳ್ಳಕೆರೆಯ ಇಂಥ ದೊಡ್ಡ ಶಾಲೆಯ ಮೇಷ್ಟ್ರ ಜೇಬಿನಲ್ಲಿ ರೇಷ್ಮೆಗೇನು ಕೆಲಸ, ಸ್ಟೇಜಿನ ಅಲಂಕಾರದಿಂದ ಅಂಟಿಕೊಂಡಿರಬೇಕು, ಇರಲಿ, ಈಗ ನೋಡಬೇಕಾದ್ದು ಅದಲ್ಲ, ಮಗಳನ್ನು, ಶಿವರಂಜನಿಯನ್ನು, ಅಲ್ಲಿ ಹಿಂದಿನ ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದಾರೆ ನೋಡು, ಎಂಟು ಜನ ಕ್ಲಾರಿನೆಟ್ ಹಿಡಿದವರಲ್ಲಿ ಇವಳೇ ಕೊನೆ, ಏಳನೇ ಕ್ಲಾಸಿಗೆ ಎತ್ತರ ಜಾಸ್ತಿ ಅಂತ ಹಿಂದೆ ಹಾಕಿರಬಹುದು, ಇಲ್ಲ, ಪಕ್ಕದ ಹುಡುಗ ಇವಳಿಗಿಂತ ಎತ್ತರ ಇದ್ದಾನೆ, ಅವನು ಮುಂದಿದ್ದಾನೆ. ಮೇಷ್ಟ್ರು ಕಿರಣ್‌ಕುಮಾರ್ ಮೈಕಿನ ಮುಂದೆ ನಿಂತು, ನಾಳೆಯಿಂದ ದಸರಾ ರಜೆ, ಮಕ್ಕಳನ್ನು ಹಾಡಿನ ಜೊತೆ ಮನೆಗೆ ಕಳಿಸಿಕೊಡ್ತಾ ಇದ್ದೀವಿ, ವರ್ಷದ ನಾಲ್ಕು ರಜೆಗೆ ಒಂದೊಂದರಂತೆ ಒಟ್ಟು ನಾಲ್ಕು ಹಾಡು ಎನ್ನುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ, ಅವನು ಮಕ್ಕಳ ಕಡೆ ತಿರುಗುತ್ತಾನೆ, ಕೆಂಪು ಎಳೆ ಅವನ ಜೊತೆಗೇ ತಿರುಗಿ ಮರೆಯಾಗುತ್ತದೆ. ಪಕ್ಕದಲ್ಲಿ ಅಪ್ಪ ಕಾಟಪ್ಪ ಬಲಗಿವಿಯನ್ನು ಸ್ಟೇಜಿನ ಕಡೆ ಕೊಟ್ಟುಕೊಂಡು ಕೂತಿದ್ದಾನೆ, ಎಡಗಿವಿ ಬ್ಯಾಂಡ್‌ಸೆಟ್ಟಿನ ಡೋಲಿನ ಪಕ್ಕ ನಲವತ್ತು ವರ್ಷ ನಿಂತು ಹೋಯಿತು, ಈ ಕಿವಿಗಾಗಿಯೇ ಅವಳು ಎರಡನೇ ಸಾಲಿನಲ್ಲಿ ಜಾಗ ಹಿಡಿದದ್ದು, ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸಲ್ಲಿ ತಳಕಿನವರೆಗೂ ನಿಂತೇ ಬಂದು, ಎಲ್ಲರಿಗಿಂತ ಮೊದಲು ಬಂದು ಹಿಡಿದದ್ದು, ಕೂತು ಕಾಲು ಗಂಟೆಯಾದ ಮೇಲೆ ಯಾರೋ ಮೇಡಂ ಬಂದು, ಇದು ಕಮಿಟಿಯವ್ರಿಗೆ ರೀ, ನೀವು ಹಿಂದೆ ಹೋಗಿ, ಅಂದರು, ಅಪ್ಪ ಮಂಡಿ ಹಿಡಿದುಕೊಂಡು ಎದ್ದ, ಐದನೇ ಸಾಲಿಗೆ ಬಂದರು, ಆ ಎರಡನೇ ಸಾಲಿನ ಎರಡು ಕುರ್ಚಿ ಇನ್ನೂ ಖಾಲಿಯೇ ಇವೆ, ಯಾವ ಕಮಿಟಿಯವರೂ ಬಂದು ಕೂತಿಲ್ಲ, ಅದನ್ನು ನೋಡಿದಷ್ಟೂ ಮೈ ಉರಿಯುತ್ತದೆ.

ಹಾಡು ಶುರುವಾಯಿತು, ಸ್ವರಗಳು ಒಂದೊಂದೇ, ಮೆಟ್ಟಿಲಿಳಿಯುವ ಮಕ್ಕಳ ಹಾಗೆ ಎಣಿಸಿಕೊಂಡು ಬರುತ್ತಿವೆ, ಮುಂದಿನ ಸಾಲಿನ ಹುಡುಗಿಯರು ಹಾಡುತ್ತಾರೆ, ಬೀಗ ಬಿದ್ದ ಶಾಲೆಗೆ ಬಿಸಿಲೊಂದೇ ಹಾಜರಿ — ಮೇಷ್ಟ್ರೇ ಬರೆದದ್ದಂತೆ, ಚೆನ್ನಾಗಿದೆ, ಇಲ್ಲ ಅನ್ನಬಾರದು, ಬಿಸಿಲೊಂದೇ ಹಾಜರಿ, ಇಂಥ ಸಾಲು ಬರೆಯುವವನಿಗೆ ಕಿವಿಯೂ ಇರಬೇಕಲ್ಲ. ಏಮ್ಮಾ, ಅಪ್ಪ ಅವಳ ಮೊಣಕೈ ತಟ್ಟುತ್ತಾನೆ, ನಮ್ ಹುಡುಗಿ ಯಾವಾಗ ಶುರು ಮಾಡ್ತಾಳೆ? ಶುರು ಮಾಡ್ಯಾಳಪ್ಪ, ಎಲ್ರೂ ಊದ್ತಾ ಅವ್ರೆ. ಎಲ್ರೂದು ಕೇಳ್ತೈತೆ, ಅವಳ್ದು ಯಾವ್ದು? ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಮಗಳ ಬೆರಳು ಆಡುತ್ತಿವೆ, ತುಟಿ ಮುಚ್ಚಿದೆ, ತಲೆ ಸರಿಯಾಗಿ ತಾಳಕ್ಕೆ ಅಲ್ಲಾಡುತ್ತಿದೆ, ಏನೋ ಸರಿಯಿಲ್ಲ, ಏನು — ಟೈ. ಬೇರೆ ಏಳು ಮಕ್ಕಳ ಟೈ ಸಾಲು ಸಾಲಿಗೂ ಏಳುತ್ತದೆ, ಇಳಿಯುತ್ತದೆ, ಹೊಟ್ಟೆಯಿಂದ ಉಸಿರೆಳೆದರೆ ಏಳಲೇಬೇಕು, ಶಿವರಂಜನಿಯ ಟೈ ಗೋಡೆಗೆ ನೇತುಹಾಕಿದ್ದು ನೇತುಹಾಕಿದ ಹಾಗೇ ಇದೆ. ನಾಗರತ್ನ ಕ್ಲಾರಿನೆಟ್ ಊದಿದವಳಲ್ಲ, ಆದರೆ ಊದುವವನ ಮನೆಯಲ್ಲಿ ಹುಟ್ಟಿದವಳು, ಚಿಕ್ಕಂದಿನಲ್ಲಿ ಅಪ್ಪನ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದವಳು, ಅಪ್ಪ ಊದಿ ಊದಿ ಸಾಧನೆ ಮಾಡುತ್ತಿದ್ದರೆ ಅಂಗೈ ಏಳುವುದು, ಇಳಿಯುವುದು, ಹಾಗೇ ನಿದ್ದೆ ಬರುವುದು, ಊದುವವರು ಯಾರು ಊದದವರು ಯಾರು ಎಂದು ಅವಳಿಗೆ ಕಿವಿ ಬೇಕಿಲ್ಲ, ನೋಡಿದರೆ ಸಾಕು, ಮಗಳು ಊದುತ್ತಿಲ್ಲ. ಮೈ ಹುಷಾರಿಲ್ಲವೇನೋ, ಹೆದರಿದ್ದಾಳೇನೋ, ಹೆದರುವ ಪೈಕಿಯಲ್ಲ ಅವಳು, ಕಳೆದ ಶನಿವಾರ ಹಾಸ್ಟೆಲಿನಿಂದ ಮನೆಗೆ ಬಂದವಳು ಇದೇ ಹಾಡನ್ನು ಅಂಗಳದಲ್ಲಿ ಊದಿದಾಗ ನೀರಿಗೆ ನಿಂತ ಹೆಂಗಸರೆಲ್ಲ ಕೊಡ ಕೆಳಗಿಟ್ಟು ಬಂದಿದ್ದರಲ್ಲ. ಹಾಡು ಮುಗಿಯಿತು, ಮೇಷ್ಟ್ರು ಜನರ ಕಡೆ ತಿರುಗಿ ಬಾಗಿದ, ಜೇಬಿನಿಂದ ಕೆಂಪು ಎಳೆ ಮುಂದಕ್ಕೆ ತೂಗಿ ಮತ್ತೆ ಶರ್ಟಿಗೆ ಅಂಟಿತು.

ಕೂಗ್ತೈತಮ್ಮ ಈ ಕೆಂಪು — ಹೌದು, ಅದೇ, ಅದೇ ಕೆಂಪು, ಸೀರೆ ಕೊಳ್ಳುವ ಸಾಹುಕಾರ ಜಂಬುಲಿಂಗಪ್ಪ ಹೋದ ಶ್ರಾವಣದಲ್ಲಿ ಸೀರೆಯ ಸೆರಗನ್ನು ಬಾಗಿಲಿನ ಬೆಳಕಿಗೆ ಹಿಡಿದು ಅಂದದ್ದು, ಕೂಗ್ತೈತಮ್ಮ, ಯಾರು ಉಡ್ತಾರೆ ಇದನ್ನ, ಬಣ್ಣ ಹಾಕುವವರು ಒಂದು ಅದ್ದು ಹೆಚ್ಚು ಅದ್ದಿಬಿಟ್ಟಿದ್ದರು, ಅಂಥ ಕೆಂಪು ಅವಳ ಮಗ್ಗದಲ್ಲಿ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ, ಉಳಿದ ಒಂದು ಲಡಿಯನ್ನು ಗೂಟಕ್ಕೆ ಸಿಕ್ಕಿಸಿಟ್ಟಿದ್ದಳು. ಆಮೇಲೆ ಅಪ್ಪ ಮೊಮ್ಮಗಳಿಗೆ ಕ್ಲಾರಿನೆಟ್ಟಿನ ಮೂತಿಯಲ್ಲಿ ಅದುರಿ ದನಿ ಹುಟ್ಟಿಸುವ ರೀಡು ಮಾಡಿಕೊಟ್ಟ ದಿನ, ಬೆರಳುದ್ದದ ದಬ್ಬೆಯ ಸೀಳು, ಗಾಜಿನ ಚೂರಿನಲ್ಲಿ ಹೆರೆದು ಹೆರೆದು ತುದಿಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿ, ಸ್ಕೂಲಿನವರು ಕೊಟ್ಟ ಈ ಕಬ್ಬಿಣದ ಪಟ್ಟಿ ರೀಡಿನ ಕುತ್ತಿಗೆ ಹಿಸುಕ್ತೈತೆ, ದಾರದಲ್ಲಿ ಕಟ್ಟಬೇಕು, ರತ್ನ, ಒಂದು ಎಳೆ ಕೊಡಮ್ಮಾ, ಎಂದು ಕೈ ಚಾಚಿದ, ಬ್ಯಾಂಡಿನವರು ಎಲ್ಲರೂ ಕಟ್ಟುವುದೇ ಹಾಗೆ, ಅವಳು ಗೂಟದಿಂದ ಆ ಕೆಂಪನ್ನೇ ತೆಗೆದುಕೊಟ್ಟಳು, ಹನ್ನೆರಡು ಸುತ್ತು, ಒಂದು ಗಂಟು, ಗಂಟಿನಾಚೆ ಬೆರಳುದ್ದ ಬಾಲ, ಕಪ್ಪು ಮೂತಿಗೆ ಕೆಂಪು ಪಟ್ಟಿ, ಶಿವರಂಜನಿ ಅದನ್ನು ಕನ್ನಡಿಯಲ್ಲಿ ನೋಡಿಕೊಂಡು, ನಮ್ ಕ್ಲಾಸಲ್ಲಿ ಯಾರ ಹತ್ರನೂ ಇಲ್ಲ, ಅಂದಳು. ಎರಡನೇ ಹಾಡು ಶುರುವಾಗಿದೆ, ದೀಪದ್ದು, ನಾಗರತ್ನ ಮಗಳ ಕ್ಲಾರಿನೆಟ್ಟಿನ ಮೂತಿಯನ್ನು ನೋಡುತ್ತಾಳೆ, ಕಪ್ಪು, ಬರೀ ಕಪ್ಪು, ಕೆಂಪು ಪಟ್ಟಿ ಇಲ್ಲ, ಕಬ್ಬಿಣದ ಪಟ್ಟಿಯೂ ಇಲ್ಲ, ರೀಡೇ ಇಲ್ಲದ ಕೊಳವೆಯನ್ನು ಮಗಳು ಬಾಯಲ್ಲಿಟ್ಟುಕೊಂಡು ಬೆರಳಾಡಿಸುತ್ತಿದ್ದಾಳೆ, ಮುನ್ನೂರು ಜನರ ಮುಂದೆ. ಕಿತ್ತು ಜೇಬಿಗಿಟ್ಟುಕೊಂಡಿದ್ದಾನೆ. ನನ್ನ ಮಗಳ ದನಿಯನ್ನು ಕಿತ್ತು ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ನಿಂತಿದ್ದಾನೆ, ಬಾಗಿ ಬಾಗಿ ಚಪ್ಪಾಳೆ ತಗೊಳ್ಳುತ್ತಿದ್ದಾನೆ. ಏಮ್ಮಾ, ಯಾವಾಗ ಶುರು ಮಾಡ್ತಾಳೆ? ಮುಂದಿನ ಹಾಡಪ್ಪ, ಸುಮ್ನಿರು.

ಇದು ಇವತ್ತು ಹುಟ್ಟಿದ್ದಲ್ಲ, ಆವತ್ತೇ ತಿಳಿಯಬೇಕಿತ್ತು, ಪೋಷಕರ ಸಭೆಯ ದಿನ ಇದೇ ಮೇಷ್ಟ್ರು ನಗುನಗುತ್ತ ಹೇಳಿದ್ದನಲ್ಲ, ನಿಮ್ಮ ಮಗಳಿಗೆ ಉಸಿರು ಚೆನ್ನಾಗಿದೆ ರೀ, ಆದ್ರೆ ಸ್ವರ ಎಲ್ಲಾ ಜಾರಿಸ್ತಾಳೆ, ಒಂದರಿಂದ ಒಂದಕ್ಕೆ ಎಳ್ಕೊಂಡು ಹೋಗ್ತಾಳೆ, ಇದು ಮದುವೆ ಮನೆ ಅಲ್ವಲ್ಲ, ದಯವಿಟ್ಟು ಮನೇಲಿ ಯಾರೂ ಹೇಳ್ಕೊಡಬೇಡಿ — ಅವಳು ಏನು ಮಾಡಿದಳು, ಕೈ ಮುಗಿದಳು, ಆಯ್ತು ಸಾರ್ ಅಂದಳು, ಆ ಆಯ್ತು ಸಾರ್ ಈಗ ಬಾಯಲ್ಲಿ ಕಹಿಯಾಗಿ ನಿಂತಿದೆ. ಮದುವೆ ಮನೆಯಂತೆ. ಅಲ್ಲಿ ಸೋಫಾದಲ್ಲಿ ಕೂತಿರುವ ಮುರುಗೇಂದ್ರಪ್ಪನವರು, ಎಣ್ಣೆ ಮಿಲ್ಲಿನವರು, ಶಾಲೆಯ ಅಧ್ಯಕ್ಷರು, ಈ ಎಂಟು ಕ್ಲಾರಿನೆಟ್ ಕೊಡಿಸಿದವರು, ಅವರ ಮಗನ ಮದುವೆಗೆ ಊದಿದವನು ಯಾರು, ಇಲ್ಲಿ ಐದನೇ ಸಾಲಿನಲ್ಲಿ ಮಂಡಿ ಒತ್ತಿಕೊಳ್ಳುತ್ತಿರುವ ಈ ಕಾಟಪ್ಪ, ಹೆಣ್ಣಿನ ಕಡೆಯವರು ಬಂದಾಗ ಜಾರಿಸಿ ಜಾರಿಸಿ ಊದಿದ್ದಕ್ಕೆ ಇದೇ ಮುರುಗೇಂದ್ರಪ್ಪ ಕಣ್ಣೊರೆಸಿಕೊಂಡು, ಇನ್ನೊಂದ್ಸಲ ಊದೋ ಕಾಟಪ್ಪ, ಇನ್ನೊಂದ್ಸಲ, ಎಂದು ಮೂರು ಸಲ ಊದಿಸಿದರು, ಕೊನೆಯ ಪಂಕ್ತಿಯಲ್ಲಿ ಬ್ಯಾಂಡಿನವರಿಗೆ ಎಲೆ ಹಾಕಿದಾಗ ಪಾಯಸ ಮುಗಿದುಹೋಗಿತ್ತು, ಅಪ್ಪ ಅದನ್ನೂ ನಗುತ್ತಲೇ ಹೇಳಿದ, ಅವನಿಗೆ ಸಿಟ್ಟೇ ಬರುವುದಿಲ್ಲ, ಅವನ ಪಾಲಿನ ಸಿಟ್ಟೆಲ್ಲ ಇವಳಿಗೇ ಬಂದಿದೆ. ಚಪ್ಪರದಲ್ಲಿ ಬೇಕು, ಸ್ಟೇಜಿನಲ್ಲಿ ಬೇಡ. ಬೇಡವಾದರೆ ಬೇಡ ಅನ್ನಬೇಕಿತ್ತು, ಬರಬೇಡ ಅನ್ನಬೇಕಿತ್ತು, ಎಂಟು ಕ್ಲಾರಿನೆಟ್ಟಿಗೆ ಎಂಟು ತಲೆ ಲೆಕ್ಕ ಸರಿಹೋಗಲಿ ಎಂದು ಮೂಗಿಯನ್ನು ನಿಲ್ಲಿಸಿದ ಹಾಗೆ ನಿಲ್ಲಿಸುವುದೇ? ಮೂರನೆಯ ಹಾಡೂ ಹೋಗುತ್ತಿದೆ, ಗಂಟೆಯ ಹಾಡು, ಟೈ ಅಲ್ಲಾಡುತ್ತಿಲ್ಲ, ಮತ್ತೆ ಫೋನು — ಅಯ್ಯೋ, ಆ ಫೋನು, ಸೋಮವಾರ ವಾರ್ಡನ್ ಫೋನಿನಿಂದ ಮಗಳು, ಅವ್ವ, ನೀವು ಬರ್ಬೇಡವ್ವ, ತಾತಂಗೆ ಮಂಡಿ ನೋವು, ಬಸ್ಸು ರಶ್ ಇರ್ತೈತೆ, ವೀಡಿಯೋ ಕಳಿಸ್ತಾರಂತೆ. ನಾಗರತ್ನ ಏನಂದಳು, ಲಾಳಿ ಕೆಳಗಿಟ್ಟು ಏನಂದಳು, ನಾವು ಬಂದ್ರೆ ನಿಂಗೆ ನಾಚಿಕೆ ಆಗ್ತೈತೇನೆ, ದೊಡ್ಡ ಸ್ಕೂಲಿಗೆ ಹೋಗ್ತೀಯಲ್ಲ, ಬ್ಯಾಂಡಿನೋರ ಮೊಮ್ಮಗಳು ಅಂತ ತಿಳಿದ್ರೆ ಮರ್ಯಾದೆ ಹೋಗ್ತೈತೇನೆ, ಅಂದವಳೇ ಸಿಟ್ಟಿನಿಂದ ಫೋನ್ ಇಟ್ಟುಬಿಟ್ಟಳು. ಮಗು ಆಗಲೇ ತಿಳಿದುಕೊಂಡಿತ್ತು, ತನ್ನನ್ನು ಹಿಂದೆ ನಿಲ್ಲಿಸುತ್ತಾರೆ, ಊದಬೇಡ ಅನ್ನುತ್ತಾರೆ, ತಾತ ಅದನ್ನು ನೋಡಬಾರದು — ನಾಚಿಕೆ ಅವಳಿಗೆ ತನ್ನ ಬಗ್ಗೆ ಇತ್ತು, ನಮ್ಮ ಬಗ್ಗೆ ಅಲ್ಲ. ಮೇಷ್ಟ್ರು ಕಿತ್ತುಕೊಂಡದ್ದು ರೀಡು, ನಾನು ಎಂಥ ಮಾತು ಆಡಿಬಿಟ್ಟೆ, ಹನ್ನೆರಡು ವರ್ಷದ ಮಗುವಿಗೆ, ಅದೂ ಪರರ ಫೋನಿನಲ್ಲಿ, ವಾರ್ಡನ್ ಪಕ್ಕದಲ್ಲೇ ನಿಂತು ಕೇಳುತ್ತಿದ್ದಿರಬೇಕು.

ನಾಲ್ಕನೆಯದು ಎಳ್ಳುಬೆಲ್ಲದ ಹಾಡು, ಅದೂ ಮುಗಿಯಿತು, ಎಲ್ಲರೂ ಎದ್ದು ನಿಂತು ಚಪ್ಪಾಳೆ, ಕುರ್ಚಿಗಳ ಸದ್ದು, ಅಪ್ಪ ಮಾತ್ರ ಕೂತೇ ಇದ್ದಾನೆ, ಕಿವಿ ಇನ್ನೂ ಸ್ಟೇಜಿನ ಕಡೆಗೇ ಇದೆ, ಇವಳು ಅವನನ್ನು ಎಬ್ಬಿಸಿ, ತೋಳು ಹಿಡಿದು, ಜನರ ನಡುವೆ ಮುಂದೆ ನಡೆಸಿಕೊಂಡು ಹೋಗುತ್ತಾಳೆ, ಹೇಳಬೇಕಾದ್ದನ್ನೆಲ್ಲ ಒಂದರ ಹಿಂದೊಂದು ಜೋಡಿಸಿಕೊಳ್ಳುತ್ತಾಳೆ, ನೋಡಿ ಸಾರ್, ತಪ್ಪು ಊದಿದ್ರೆ ತಿದ್ದಿ, ಬೈಯಿರಿ, ಹೊಡೀರಿ ಬೇಕಾದ್ರೆ, ಇದೇನ್ರೀ ನೀವು ಮಾಡಿದ್ದು, ನಿಮ್ಮ ಬಾಯಿಂದ ನಾಲಿಗೆ ತೆಗೆದಿಟ್ಟು ಪಾಠ ಮಾಡಿ ಅಂದ್ರೆ ಮಾಡ್ತೀರಾ — ಮುರುಗೇಂದ್ರಪ್ಪನವರಿದ್ದರೆ ಇರಲಿ, ಅವರೂ ಕೇಳಲಿ, ಸೀಟು ಹೋದರೆ ಹೋಗಲಿ, ಮೊಳಕಾಲ್ಮೂರಿನಲ್ಲಿ ಸ್ಕೂಲಿಲ್ಲವೇ. ಸೀಟು ಹೋದರೆ. ಮಗಳು ಸ್ಟೇಜಿನ ಮೆಟ್ಟಿಲ ಮೇಲೆ ಪೆಟ್ಟಿಗೆ ತಬ್ಬಿಕೊಂಡು ನಿಂತಿದ್ದಾಳೆ, ಅವ್ವನನ್ನು ನೋಡಿದಳು, ಅವ್ವನ ಮುಖವನ್ನು ನೋಡಿದಳು, ತಲೆಯನ್ನು ಸ್ವಲ್ಪವೇ ಆಡಿಸಿದಳು, ಬೇಡವ್ವ. ಮೇಷ್ಟ್ರು ಅಷ್ಟರಲ್ಲಿ ಕೈ ಮುಗಿದುಕೊಂಡು ಎದುರಿಗೇ ಬಂದ, ಬಂದ್ರಾ, ಬಹಳ ಸಂತೋಷ ರೀ, ನಿಮ್ಮ ಮಗಳು ಇವತ್ತು ಎಷ್ಟು ಶಿಸ್ತಾಗಿದ್ಲು ನೋಡಿದ್ರಲ್ಲ, ಒಂದೇ ಒಂದು ಸ್ವರ ತಪ್ಪಲಿಲ್ಲ. ಒಂದೇ ಒಂದು ಸ್ವರ ತಪ್ಪಲಿಲ್ಲ. ಪಕ್ಕದಲ್ಲಿ ಅಪ್ಪ, ಯಾರಿಗೂ ಅಲ್ಲದ ಹಾಗೆ, ಮೆಲ್ಲಗೆ, ಇನ್ನೂ ಶುರುನೇ ಮಾಡ್ಲಿಲ್ಲಲ್ಲ ನಮ್ ಹುಡುಗಿ, ಅಂದ. ಎದುರಿಗೆ ಬಿಳಿ ಶರ್ಟು, ಜೇಬು, ಪೆನ್ನು, ಕೆಂಪು ಎಳೆ, ಇಷ್ಟು ಹತ್ತಿರ, ಮಗ್ಗದ ಹಾಸಿನಲ್ಲಿ ತುಂಡಾದ ಎಳೆ ಕಂಡರೆ ಯೋಚನೆಗಿಂತ ಮೊದಲು ಕೈ ಹೋಗುತ್ತದೆ, ಹೋಯಿತು, ಹೆಬ್ಬೆರಳು ತೋರುಬೆರಳು ಬಾಲವನ್ನು ಹಿಡಿದವು, ಮೇಷ್ಟ್ರು, ಅದು, ಅದು ಸುಮ್ನೆ ಸೇಫಾಗಿರ್ಲಿ ಅಂತ, ಎನ್ನುತ್ತಿದ್ದಾನೆ, ಸ್ಟೇಜಿಗೆ ಹತ್ತುವಾಗ ಕೊನೇ ಗಳಿಗೇಲಿ, ಎನ್ನುತ್ತಿದ್ದಾನೆ, ಅವಳು ಎಳೆದಳು, ಹನ್ನೆರಡು ಸುತ್ತಿನ ಕೆಂಪು ಸಡಿಲವಾಗಿ ಹೊರಬಂತು, ಅದರ ತುದಿಗೆ ರೀಡು, ಅಂಗೈಯಲ್ಲಿ ಬಿತ್ತು. ಊದುವ ಮುಂಚೆ ರೀಡನ್ನು ನಾಲಿಗೆಯ ಮೇಲಿಟ್ಟು ನೆನೆಸಬೇಕು, ಅಪ್ಪ ಹೇಳಿಕೊಟ್ಟದ್ದು, ಊದಲೆಂದೇ ಸ್ಟೇಜು ಹತ್ತುವವರು ಮಾತ್ರ ನೆನೆಸುತ್ತಾರೆ. ಜೇಬಿನ ಮೂಲೆಯಲ್ಲಿ ರೂಪಾಯಿಯಗಲ ತೇವದ ಗುರುತಿದೆ, ಅದರ ಅಂಚಿಗೆ ಕೆಂಪು ಬಣ್ಣ ಬಿಟ್ಟುಕೊಂಡಿದೆ, ಅಂಗೈಯಲ್ಲಿ ಕೆಂಪು ಎಳೆ, ಕೆಂಪು ಎಳೆಯ ನಡುವೆ ರೀಡು, ರೀಡು ಇನ್ನೂ ಒದ್ದೆಯಾಗಿದೆ.