ಬಿಗಿದ ಪಟ್ಟಿ

ಟೈಲರಮ್ಮನಿಗೆ ಇದ್ದದ್ದು ಒಂದೇ ಆಸೆ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬರಬೇಕು. ಅದೇನು ಬೆಟ್ಟ ಅಗೆಯುವ ಕೆಲಸವೇ, ಹೆತ್ತವರೆಲ್ಲ ಮಾಡುವುದೇ ತಾನೆ? ಆದರೆ ಬಾಣಂತನ ಮುಗಿದ ಹೊಸತರಲ್ಲಿ, ಒಂದು ಬೆಳಗ್ಗೆ ನೀರು ತುಂಬಿದ ಬಕೆಟ್ ಎತ್ತಿದಾಗ, ಒಳಗಿನಿಂದ ಏನೋ ಜಾರಿ ಕೆಳಗೆ ಬಂದು ನಿಂತಿತು. ಬಚ್ಚಲಲ್ಲಿ ಕೈಯಿಟ್ಟು ನೋಡಿಕೊಂಡಳು. ಮೆತ್ತಗೆ ಉಂಡೆಯಂಥದ್ದು ಕೈಗೆ ಸಿಕ್ಕಿ, ಜೀವ ಬಾಯಿಗೆ ಬಂತು.

ಯಾರಿಗೆ ಹೇಳುವುದು? ಗಂಡನಿಗೆ ಹೇಳಲು ನಾಚಿಕೆ, ಆಸ್ಪತ್ರೆಗೆ ಹೋಗಲು ಹೆದರಿಕೆ. ಹೇಳಿ ಕೇಳಿ ಅವಳು ಟೈಲರು. ಬೀದಿಯವರ ದೊಗಳೆ ಬಟ್ಟೆಗಳೆಲ್ಲ ಅವಳ ಮಿಷನ್ನಿನಡಿ ನುಗ್ಗಿ ಮೈಗೊಪ್ಪುವಂತಾಗಿ ಹೊರಬರುತ್ತಿದ್ದವು. ಸಡಿಲವಾದದ್ದನ್ನು ಬಿಗಿದರೆ ಸರಿಹೋಗುತ್ತದೆ ಎಂಬುದೇ ಅವಳ ವಿದ್ಯೆ. ದಪ್ಪ ಕ್ಯಾನ್ವಾಸಿಗೆ ಅಗಲವಾದ ಎಲಾಸ್ಟಿಕ್ ಕೂರಿಸಿ, ಸಾಲಾಗಿ ಹುಕ್ಕು ಹಚ್ಚಿ, ಹೊಟ್ಟೆಗೊಂದು ಪಟ್ಟಿ ಹೊಲಿದುಕೊಂಡಳು. ಎಂಥಾ ಹೊಲಿಗೆ ಅಂತೀರಿ, ಕಣ್ಣಿಗೊತ್ತಿಕೊಳ್ಳಬೇಕು! ಕಟ್ಟಿಕೊಂಡು ಕನ್ನಡಿ ಮುಂದೆ ನಿಂತರೆ ಮದುವೆಗೆ ಮುಂಚಿನ ಸೊಂಟ. ಕೆಳಗಿನದು ಮಾತ್ರ ಇನ್ನಷ್ಟು ಇಳಿಯಿತು. ಬಿಗಿ ಸಾಲದು ಅಂದುಕೊಂಡು ಹುಕ್ಕು ಬಿಚ್ಚಿ ಒಳಗೆ ಸರಿಸಿ ಹೊಲಿದಳು, ಪುಣ್ಯಾತ್ಗಿತ್ತಿ. ಆಮೇಲೆ ಮತ್ತೆ ಸರಿಸಿದಳು.

ಕೆಮ್ಮಿದರೆ ಉಚ್ಚೆ ಜಾರುತ್ತಿತ್ತು. ನಡೆದರೆ ಉಜ್ಜಿ ಉರಿಯುತ್ತಿತ್ತು. ಸಂಜೆಯ ಹೊತ್ತಿಗೆ ಪೆಡಲ್ ತುಳಿಯಲು ಕಾಲೇ ಬರುತ್ತಿರಲಿಲ್ಲ. ಆದರೂ ಮಗಳು ಕೈ ಚಾಚಿದರೆ ಹಲ್ಲು ಕಚ್ಚಿ ಎತ್ತಿಕೊಳ್ಳುವಳು, ಬಾಗಿಲು ದಾಟುವಷ್ಟರಲ್ಲಿ ಇಳಿಸುವಳು. ಕೊನೆಗೆ ಬಟ್ಟೆ ಒಗೆಯುವಾಗ ಅತ್ತೆಗೆ ರಕ್ತದ ಕಲೆ ಕಂಡಿತು. ಅತ್ತೆ ಅವಳನ್ನು ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಗರ್ಭಕೋಶ ಜಾರಿದೆ, ಜೊತೆಗೆ ಮೂತ್ರಚೀಲವೂ ಕೆಳಗಿಳಿದಿದೆ ಎಂದರು ಡಾಕ್ಟರು. ಜಾರಿದ್ದನ್ನು ಎತ್ತಿ ಹಿಡಿಯಲು ರಬ್ಬರಿನ ರಿಂಗು ಒಳಗಿಟ್ಟು, ವ್ಯಾಯಾಮ ಕಲಿಸುವ ಅಮ್ಮನ ಹತ್ತಿರ ಕಳಿಸಿದರು. ಆ ಅಮ್ಮ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಮೊದಲು ಹೊಲಿಗೆಯನ್ನು ಹೊಗಳಿದಳು.

"ಟೂತ್‌ಪೇಸ್ಟ್ ಟ್ಯೂಬನ್ನ ನಡುವೆ ಹಿಸುಕಿದ್ರೆ ಪೇಸ್ಟು ಎಲ್ಲಿಗೆ ಹೋಗುತ್ತಮ್ಮಾ?" ಎಂದು ಮೆಲ್ಲಗೆ ಕೇಳಿದಳು. "ಮೇಲೆ ಬಿಗಿದಷ್ಟೂ ಕೆಳಗೆ ತಳ್ಳುತ್ತೆ."

ಜಾರಿದ್ದು ಹೆರಿಗೆಯಿಂದಲೇ, ನಿನ್ನ ತಪ್ಪಲ್ಲ, ಪಟ್ಟಿಯಿಂದ ಸ್ವಲ್ಪ ಹೆಚ್ಚಾಗಿರಬಹುದು ಅಷ್ಟೆ ಎಂದು ಅವಳು ಸಮಾಧಾನ ಹೇಳಿದಳು. ಅದೆಲ್ಲ ಟೈಲರಮ್ಮನ ಕಿವಿಗೆ ಬೀಳಲಿಲ್ಲ. ತನ್ನ ಕೈಯಾರೆ, ತನ್ನದೇ ದಾರದಲ್ಲಿ, ತಾನೇ ತಳ್ಳಿಕೊಂಡೆನಲ್ಲ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ನೀರಿನ ಕೊಡ ಎತ್ತಬಾರದು, ಬಟ್ಟೆಯ ಗಂಟು ಎತ್ತಬಾರದು ಎಂದದ್ದಕ್ಕೆಲ್ಲ ತಲೆಯಾಡಿಸಿದಳು.

"ಮಗುನ?"

"ಈಗ ಬೇಡ. ಕೂತ್ಕೊಂಡು ತೊಡೆ ಮೇಲೆ ಕರ್ಕೊಳ್ಳಿ."

ಮತ್ತೆ ಯಾವಾಗ ಎಂದದ್ದಕ್ಕೆ ಆ ಅಮ್ಮ ಸುಳ್ಳು ಹೇಳಲಿಲ್ಲ. ಬಲ ಬರಬಹುದು, ಮೊದಲಿನಂತೆ ಆಗುತ್ತದೆಂದು ಮಾತು ಕೊಡಲಾರೆ ಎಂದಳು.

ಮನೆಗೆ ಬಂದು ಹುರುಳಿಕಾಯಿ ಮುರಿಯುತ್ತ ಅತ್ತೆ, ತಲೆ ಎತ್ತದೆ ಹೇಳಿದಳು. "ನನಗೂ ಇದೆ. ನಿನ್ನ ಗಂಡ ಹುಟ್ಟಿದಾಗಿಂದ. ಕೈಯಲ್ಲಿ ಒಳಗೆ ತಳ್ಕೊಂಡೇ ಕಾಲ ಕಳೆದೆ."

ಟೈಲರಮ್ಮನಿಗೆ ಕರುಣೆ ಬರಲಿಲ್ಲ, ಮೈ ಉರಿಯಿತು. "ಮೊದಲೇ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ನನಗೆ ಯಾರು ಹೇಳಿದ್ರು?"

ಟೈಲರಮ್ಮ ಅತ್ತೆಯ ಪಕ್ಕದಲ್ಲಿ ಕೂತಳು. ಇಬ್ಬರೂ ಕಾಯಿ ಮುರಿದರು.

ಗಂಡನಿಗೂ ಹೇಳಿದ್ದಾಯಿತು. ಅವನು ಪಾಪ, ಅಂದಿನಿಂದ ಕೊಡ, ಗಂಟು ಎಲ್ಲ ತಾನೇ ಹೊರತೊಡಗಿದ. ಟೈಲರಮ್ಮ ದಿನವೂ ಚಾಪೆಯ ಮೇಲೆ ಮಲಗಿ, ಒಳಗಿನ ಸ್ನಾಯು ಹಿಡಿದು ಬಿಡುವ ವ್ಯಾಯಾಮ ಮಾಡಿದಳು. ರಿಂಗು ಜಾಗದಲ್ಲಿ ನಿಂತಿತು, ಉರಿ ಹೋಯಿತು, ಭಾರ ಪೂರ್ತಿ ಹೋಗಲಿಲ್ಲ. ಮಗಳು ಬಂದು ಕೈ ಚಾಚಿದಾಗಲೆಲ್ಲ ಬೇಡ ಕಂದಾ, ಕೂತ್ಕೊಂಡು ಕರ್ಕೋತೀನಿ ಎನ್ನುವಳು. ಮಗು ಬಿದ್ದು ಹೊರಳಾಡಿ ಅತ್ತರೆ ಇವಳು ಮಿಷನ್ನಿಗೆ ತಲೆಯಿಟ್ಟು ಅಳುವಳು. ಆದರೂ ಬೀದಿಯ ಕೊನೆಯ ಆಸೆ ಬಿಡಲಿಲ್ಲ. ಇನ್ನೊಂದು ಸ್ವಲ್ಪ ದಿನ, ಆಮೇಲೆ ಎತ್ತಿಕೊಳ್ಳುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹೊಲಿದು ಉಳಿದ ತುಂಡಿನಲ್ಲಿ ಮಗಳಿಗೊಂದು ಹೂವಿನ ಫ್ರಾಕು ಕೂಡ ಮಾಡಿಟ್ಟಿದ್ದಳು, ಆ ದಿನಕ್ಕೆಂದು.

ಒಂದು ಮಧ್ಯಾಹ್ನ ಮಗು ಹೊಸ್ತಿಲು ಎಡವಿ ಬಿತ್ತು. ಹಣೆ ಊದಿಕೊಂಡಿತು. ಅಜ್ಜಿ ಓಡಿ ಬಂದು ತೋಳು ಚಾಚಿದಳು. ಮಗು ಅಜ್ಜಿಯನ್ನು ದಾಟಿ, ಬಿಕ್ಕುತ್ತ ಸೀದಾ ಅಮ್ಮನ ಹತ್ತಿರ ಬಂತು. ಟೈಲರಮ್ಮ ಸ್ಟೂಲಿನಿಂದ ಎದ್ದೇ ಬಿಟ್ಟಳು. ಏನಾದರಾಗಲಿ, ಈ ಸಲ ಕೈ ಚಾಚಿದರೆ ಎತ್ತಿಯೇ ಬಿಡುತ್ತೇನೆ ಎಂದು ಸೊಂಟ ಬಗ್ಗಿಸಿದಳು.

ಮಗು ಕೈ ಚಾಚಲಿಲ್ಲ. ಪುಟ್ಟ ಅಂಗೈಯಿಂದ ನೆಲ ತಟ್ಟಿ ತೋರಿಸಿತು.

"ಕೂತ್ಕೋ."

ಯಾವಾಗ ಕಲಿತಿತ್ತೋ, ಇವಳಿಗೆ ಗೊತ್ತೇ ಆಗಿರಲಿಲ್ಲ. ದಾರದ ಚೂರು, ಬಟ್ಟೆಯ ತುಂಡುಗಳ ನಡುವೆ ಟೈಲರಮ್ಮ ನೆಲಕ್ಕೆ ಕೂತಳು. ಮಗು ತಾನೇ ತೊಡೆಯೇರಿ, ಎದೆಗೆ ಮುಖವಿಟ್ಟು ಅತ್ತಿತು. ಅವಳೂ ಅತ್ತಳು. ಮಗು ಸುಮ್ಮನಾಗಿ ದಾರದುಂಡೆ ಹಿಡಿದು ಆಡತೊಡಗಿದ ಮೇಲೂ ಅವಳ ಅಳು ನಿಲ್ಲಲಿಲ್ಲ. ಆ ಹೂವಿನ ಫ್ರಾಕನ್ನು, ಬೀದಿಯ ಕೊನೆಗೆ ಹೋಗುವ ದಿನಕ್ಕೆ ಕಾಯದೆ, ಮಾರನೆಯ ದಿನವೇ ಮಗಳಿಗೆ ಮನೆಯಲ್ಲಿ ಹಾಕಿದಳು.