ನಾನು ಹೇಳಿದ ಮೇಲೆ ನೀವು ಹೇಳಿ

ಬಲಗಿವಿಯಲ್ಲಿ ಮುಂಬ್ರಾ, ಎಡಗಿವಿಯಲ್ಲಿ ಕೊರಿಯಾ — ಇಯರ್‌ಫೋನಿನ ಒಂದು ಕಡೆ ಸತ್ತು ಎಷ್ಟೋ ಕಾಲವಾಯಿತು, ಹೊಸದು ತರ್ತೇನೆ ಅಂತ ಮಗಳು ನಿಶ್ಮಿತಾ ಹೇಳುತ್ತಲೇ ಇದ್ದಾಳೆ, ಬೇಡ ಮಗಾ, ಒಂದು ಕಿವಿ ಮನೆಗೆ ಬೇಕು, ಕುಕ್ಕರಿನ ಸೀಟಿ ಕೇಳಬೇಕು, ನಿನ್ನಪ್ಪ ಕರೆದರೆ ಓ ಅನ್ನಬೇಕು — ಕಿಟಕಿಯ ಒಂದು ಬದಿ ಗುಡ್ಡ, ಇನ್ನೊಂದು ಬದಿ ಖಾಡಿಯ ನೀರು, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯ ನಡುವೆ ಹೇರ್‌ಕ್ಲಿಪ್ಪು ಮಾರುವವಳು ದಸ್ ಕಾ ದೋ, ದಸ್ ಕಾ ದೋ, ಮತ್ತು ಎಡಗಿವಿಯ ಪಾಡ್‌ಕಾಸ್ಟಿನ ಹುಡುಗಿ, ಅವಳ ಮುಖ ನಾನು ಕಂಡವಳಲ್ಲ, ದನಿ ಮಾತ್ರ ಬೆಣ್ಣೆ, ನಾನು ಹೇಳಿದ ಮೇಲೆ ನೀವು ಹೇಳಿ ಅನ್ನುತ್ತಾಳೆ, ಹೇಳುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ, ಅವಳು ಸುಮ್ಮನಿರುವ ಆ ಚೂರು ಜಾಗ ನನ್ನದು, ದಮಯಂತಿಯದ್ದು, ಅಲ್ಲಿ ನಾನು ಬಾಯಿಬಿಟ್ಟೇ ಹೇಳಬೇಕು, ಪಾಂಗಪ್ಸುಮ್ನಿದಾ, ನಿಮ್ಮನ್ನು ಕಂಡು ಸಂತೋಷವಾಯಿತು — ಎದುರಿನ ಹೆಂಗಸು ತನಗೇ ಏನೋ ಹೇಳಿದೆನೆಂದು ಕ್ಯಾ ಅನ್ನುತ್ತಾಳೆ, ಕ್ಲಿಪ್ಪಿನವಳೂ ತನ್ನನ್ನೇ ಕರೆದೆನೆಂದು ಓಡಿ ಬಂದು ಮುಖಕ್ಕೆ ಹಿಡಿಯುತ್ತಾಳೆ, ನಾಚಿಕೆಗೆ ಎರಡು ಕ್ಲಿಪ್ಪು ತೆಗೆದುಕೊಂಡು ಪರ್ಸಿಗೆ ಹಾಕಿದೆ, ಮಮ್ಮಿ ಧೀರೇ ಬೋಲೋ, ಸಬ್ ದೇಖ್ ರಹೇ ಹೈ, ನಿಶ್ಮಿತಾ ತಿವಿಯುತ್ತಾಳೆ, ನೋಡಲಿ ಬಿಡು ಮಾರಾಯ್ತಿ, ಇವತ್ತು ಇಡೀ ಡೊಂಬಿವಲಿ ನೋಡಲಿ, ನನ್ನ ಎದೆ ಹೊಡೆದುಕೊಳ್ಳುವುದು ನಿನಗೆ ಕೇಳುತ್ತಿದೆಯಾ, ಮದುವೆಯ ದಿನ ಕೂಡ ಹೀಗೆ ಹೊಡೆದುಕೊಂಡಿರಲಿಲ್ಲ, ಹೆಣ್ಣು ಕೇಳಲಿಕ್ಕೆ ಹೊರಟಿದ್ದೇವೆ, ನಿನ್ನಣ್ಣ ಸೂರಜ್‌ಗೆ, ಕೊರಿಯಾದ ಹೆಣ್ಣು!

ಸುಜಿನ್ ಅಂತ ಹೆಸರು, ಮಹಾಪೆಯಲ್ಲಿ ನನ್ನ ಮಗನ ಕಂಪನಿಯಲ್ಲೇ ಕೆಲಸ, ಮೊದಲ ಸಲ ಮನೆಗೆ ಕರೆತಂದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅದನ್ನು ಹೊರಮುಖವಾಗಿ ತಿರುಗಿಸಿಟ್ಟು ಒಳಗೆ ಬಂದಳು, ಬೆಲ್ಲ ನೀರು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡಳು, ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಂಡ ಹಾಗೆ, ನನಗೆ ಅಲ್ಲಿಗೇ ಒಪ್ಪಿಗೆಯಾಯಿತು, ಇವರು ಮಾತ್ರ ಸೂರಜ್ ಸುಜಿನ್, ಹೆಸರು ಕೇಳಿದರೆ ಅಣ್ಣ ತಂಗಿಯ ಹಾಗುಂಟಲ್ಲ ಅಂತ ನಕ್ಕರು, ವಿಠ್ಠಲವಾಡಿಯ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಇವರಿಗೆ ಎಲ್ಲದಕ್ಕೂ ಒಂದು ತಮಾಷೆ ಬೇಕು. ಆದರೆ ಆ ಹುಡುಗಿ ಹೋಗುವಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನಗೇನೋ ಹೇಳಲು ನೋಡಿದಳು, ಇಂಗ್ಲಿಷಿನಲ್ಲಿ ಶುರುಮಾಡಿದಳು, ನನ್ನ ಮುಖ ನೋಡಿ ಹಿಂದಿಗೆ ಬಂದಳು, ಹಿಂದಿ ಅವಳಿಗೆ ಬರಲಿಲ್ಲ, ಕಡೆಗೆ ಸುಮ್ಮನೆ ನಕ್ಕಳು — ಆ ನಗು ನನಗೆ ಗೊತ್ತು, ಅದನ್ನು ನಾನು ನಕ್ಕಿದ್ದೇನೆ, ಮದುವೆಯಾಗಿ ಬಂದ ಹೊಸತರಲ್ಲಿ ಡೊಂಬಿವಲಿಯ ಚಾಳಿನಲ್ಲಿ ದಿನವಿಡೀ ಆ ನಗುವೇ ನನ್ನ ಭಾಷೆ, ಇವರು ಬೆಳಕು ಹರಿಯುವ ಮೊದಲೇ ಹೋಟೆಲಿಗೆ ಹೋಗುವರು, ಆಚೆ ಮರಾಠಿ, ಈಚೆ ಗುಜರಾತಿ, ನಡುವೆ ತುಳು ಬಿಟ್ಟು ಬೇರೆ ಬಾರದ ಹತ್ತೊಂಬತ್ತರ ಹುಡುಗಿ, ಕಿಟಕಿಗೆ ಬರುವ ಕಾಗೆಗೆ ತುಳುವಿನಲ್ಲಿ ಬೈಯುತ್ತಿದ್ದೆ, ಬಾಯಿಗೆ ತುಕ್ಕು ಹಿಡಿಯದಿರಲಿ ಅಂತ, ಆಮೇಲೆ ಒಂದು ದಿನ ನಳ್ಳಿಯ ಹತ್ತಿರ ಸುಗುಣಕ್ಕ, ಮೂಲ್ಕಿಯ ಸುಗುಣಕ್ಕ, ಯಾರೆಂದು ಗೊತ್ತಿಲ್ಲದೆ ಹಿಂದಿನಿಂದ ಒಣಸ್ ಆಂಡಾ ಅಂದರು, ಊಟ ಆಯಿತಾ, ಅಷ್ಟೇ ಕೇಳಿದ್ದು, ಕೊಡಪಾನ ತುಂಬಿ ಚೆಲ್ಲುತ್ತಿದ್ದರೂ ನಾನು ಹೋ ಅಂತ ಅತ್ತೆ. ಈ ಹುಡುಗಿಗೆ ನನ್ನ ಮನೆಯಲ್ಲಿ ಕಾಗೆಗೆ ಬೈಯುವ ಗತಿ ಬರಬಾರದು. ನಿಶ್ಮಿತಾ, ಕೊರಿಯಾದ ಮಾತು ಕಲಿಯುವುದು ಹೇಗೆ ಅಂತ ಅದೇ ರಾತ್ರಿ ಕೇಳಿದ್ದು, ಅವಳು ಹೊಟ್ಟೆ ಹಿಡಿದು ನಕ್ಕಳು, ನಕ್ಕು ಮುಗಿದ ಮೇಲೆ ತನ್ನ ಹಳೇ ಫೋನಿಗೆ ಪಾಡ್‌ಕಾಸ್ಟು ತುಂಬಿಸಿ ಕೊಟ್ಟಳು, ಪಪ್ಪಾಗೂ ಅಣ್ಣನಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡೆ.

ಅಬ್ಬಾ, ಏನು ದಿನಗಳು ಅವು — ಗ್ರೈಂಡರಿನಲ್ಲಿ ಅಕ್ಕಿ ತಿರುಗುತ್ತಿದ್ದರೆ ನಾನು ಅದರ ಗದ್ದಲಕ್ಕೆ ಮೇಲಾಗಿ ಅನ್ಯೊಂಗ್ ಹಸೆಯೊ, ನಮಸ್ಕಾರ, ಬಂಗುಡೆ ತೊಳೆಯುತ್ತಾ ಕಾಮ್ಸಾಹಮ್ನಿದಾ, ಧನ್ಯವಾದ, ಭಾಜಿಯವನ ಹತ್ತಿರ ಕೊತ್ತಂಬರಿ ಕೇಳುವ ಬದಲು ಅಂದಿನ ಪಾಠವೇ ಬಾಯಿಗೆ ಬಂದು, ಕಾಯ್ ಝಾಲಂ ಕಾಕು, ಏನಾಯಿತು ಚಿಕ್ಕಮ್ಮ, ಅಂತ ಅವನು ಕಂಗಾಲು, ನನಗೆ ನಗು ತಡೆಯಲಿಕ್ಕಾಗದೆ ಅಲ್ಲೇ ಗಾಡಿ ಹಿಡಿದು ನಿಂತೆ, ಈ ವಯಸ್ಸಿನಲ್ಲಿ ಹೊಸ ಭಾಷೆಯೊಂದು ನಾಲಿಗೆಯ ಮೇಲೆ ಕೂರುತ್ತದೆ ಅಂದರೆ ಎಂಥ ಖುಷಿ, ಯಾರಿಗೂ ಹೇಳಲಾಗದ ಖುಷಿ, ಮರಾಠಿಯನ್ನು ನಾನು ಹೆದರಿ ಕಲಿತದ್ದು, ಹಿಂದಿಯನ್ನು ಬೈಸಿಕೊಂಡು ಕಲಿತದ್ದು, ಇದೊಂದನ್ನು ನಾನೇ ಬೇಕೆಂದು ಕಲಿತೆ, ತಪ್ಪಿದರೆ ಎಡಗಿವಿಯ ಹುಡುಗಿ ಬೈಯುವುದಿಲ್ಲ, ಮತ್ತೆ ಹೇಳುತ್ತಾಳೆ, ಮತ್ತೆ ಸುಮ್ಮನಿದ್ದು ನನಗೆ ಜಾಗ ಬಿಡುತ್ತಾಳೆ. ಇವತ್ತಿಗೆ ಅಂತ ಒಂದು ಮಾತು ಜೋಡಿಸಿಟ್ಟಿದ್ದೇನೆ, ಒಂದು ತುಂಡು ಒಂದು ಪಾಠದ್ದು, ಇನ್ನೊಂದು ತುಂಡು ಇನ್ನೊಂದರದ್ದು, ಕೊಕ್ಚೊಂಗ್ ಮಸೆಯೊ, ಚೆಗಾ ಇಸ್ಸೊಯೊ, ಚಿಂತೆ ಮಾಡಬೇಡಿ, ನಾನಿದ್ದೇನೆ — ಯಾಕೆಂದರೆ ಸುಜಿನ್‌ನ ಅಮ್ಮ ಕೊರಿಯಾದ ಪೂಸಾನಿನಿಂದ ಬಂದಿದ್ದಾರೆ, ನಾಳೆ ವಾಪಸು ಹೋಗುತ್ತಾರೆ, ಇನ್ನೂ ಹೂಂ ಅಂದಿಲ್ಲ, ಗಂಡ ಇಲ್ಲದೆ ಒಬ್ಬಳೇ ಮಗಳನ್ನು ಸಾಕಿದವರು, ಅವರು ಬೇಡ ಅಂದರೆ ನಾನೂ ಬೇಡ ಅನ್ನುತ್ತೇನೆ ಅಂತ ಸುಜಿನ್ ಸೂರಜ್‌ಗೆ ಮುಖದ ಮೇಲೆ ಹೇಳಿದ್ದಾಳೆ, ಆ ದಿನದಿಂದ ನನ್ನ ಮಗ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದಾನೆ, ಮೀನಿದ್ದರೂ ಬಿಡುತ್ತಿದ್ದಾನೆ.

ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಲೋಕಲ್ ಹತ್ತಿದೆವು, ಗಂಡಸರ ಡಬ್ಬಿಯಲ್ಲಿದ್ದ ಇವರೂ ಈಗ ನಮ್ಮ ಜೊತೆಗೇ, ಮಡಿಲಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ನಿನ್ನೆಯ ಬಸ್ಸಿನಲ್ಲಿ ಊರಿನಿಂದ ಬಂದ ಒಂದು ಅಟ್ಟೆ ಶಂಕರಪುರದ ಮಲ್ಲಿಗೆ, ಬಾಳೆಲೆಯ ಕಟ್ಟು ಬಿಚ್ಚಿ ಒಂದು ತುಂಡು ನಾನು ಮುಡಿದಿದ್ದೇನೆ, ಡಬ್ಬಿಯಿಡೀ ಪರಿಮಳ, ಎಂತ ಬಾಯಿ ಪಿಟಿಪಿಟಿ ಮಾಡ್ತಾ ಇದ್ದಿ, ವಿಷ್ಣು ಸಹಸ್ರನಾಮವಾ, ಇವರು ಕೇಳಿದರು, ಹೌದು ಅಂದೆ, ಹೇಳು ಹೇಳು, ಇವತ್ತು ಬೇಕೇ ಬೇಕು ಅಂದರು ಪಾಪ, ಐರೋಲಿ, ರಬಾಳೆ, ಕೊಕ್ಚೊಂಗ್ ಮಸೆಯೊ, ಘನ್ಸೋಲಿ, ಚೆಗಾ ಇಸ್ಸೊಯೊ, ಯಾರಾದರೂ ಈ ಮಾತನ್ನು ಆವತ್ತು ನನ್ನ ಅಮ್ಮನಿಗೆ ಹೇಳಿದ್ದರೆ — ನಾನು ಮದುವೆಯಾಗಿ ಹೊರಟ ದಿನ ಕಾಪುವಿನಲ್ಲಿ ಬೊಂಬಾಯಿ ಬಸ್ಸು ನಿಂತಿತ್ತು, ನಾನು ಕಿಟಕಿಯ ಬದಿಗೆ ಕೂತಿದ್ದೆ, ಗಾಜು ಸಿಕ್ಕಿಹಾಕಿಕೊಂಡು ಸರಿಯಲಿಲ್ಲ, ಇವರೂ ಎಳೆದರು, ಕಂಡಕ್ಟರನೂ ಎಳೆದ, ಇಲ್ಲ, ಇಂಜಿನು ಗುರುಗುರು ಅನ್ನುತ್ತಿತ್ತು, ಗಾಜಿನ ಆಚೆ ಅಮ್ಮನ ತುಟಿ ಆಡುತ್ತಿತ್ತು, ಏನೋ ಹೇಳಿದರು, ಮತ್ತೊಮ್ಮೆ ಹೇಳಿದರು, ನನಗೆ ಕೇಳಲಿಲ್ಲ, ತಲೆ ಮಾತ್ರ ಆಡಿಸಿದೆ, ಬಸ್ಸು ಹೊರಟಿತು. ಬಾಣಂತನಕ್ಕೆ ಹೋದಾಗ ಕೇಳಿದೆ, ಅಮ್ಮ, ಆವತ್ತು ಬಸ್ಸಿನ ಹತ್ತಿರ ಎಂತ ಹೇಳಿದ್ದು, ಎಂತದೋ, ಯಾರಿಗೆ ನೆನಪು, ಗಂಜಿ ಉಣ್ಣು ಅಂದುಬಿಟ್ಟರು, ಈಗ ಕೇಳುವ ಅಂದರೆ ಅವರೇ ಇಲ್ಲ. ಮಮ್ಮಿ ಇಳಿ, ಕೋಪರ್‌ಖೈರಣೆ ಬಂತು — ನಿಶ್ಮಿತಾ ನನ್ನ ಕಿವಿಯಿಂದ ವಯರು ಕಿತ್ತು ಪರ್ಸಿಗೆ ತುರುಕಿದಳು.

ಸುಜಿನ್ ಇರುವ ಬಿಲ್ಡಿಂಗಿನ ಲಿಫ್ಟಿನ ಬಾಗಿಲಲ್ಲೇ ಸೂರಜ್, ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕುತ್ತಿಗೆ, ಅಮ್ಮ, ನೀನು ನಕ್ಕರೆ ಸಾಕು, ಮಾತೆಲ್ಲ ನಾವು ನೋಡ್ಕೊಳ್ತೇವೆ, ಆಯ್ತಾ, ಆಯ್ತು ಮಗಾ, ಹೊಟ್ಟೆಯೊಳಗೆ ಕೊಕ್ಚೊಂಗ್ ಮಸೆಯೊ ಕುಣಿಯುತ್ತಿದೆ, ಇವನ ಮುಖ ಹೇಗಾಗುತ್ತದೋ ನೋಡಬೇಕು — ಮನೆಯೊಳಗೆ ಸುಜಿನ್, ಪಕ್ಕದಲ್ಲಿ ಅವಳ ಅಮ್ಮ, ನನ್ನಷ್ಟೇ ಗಿಡ್ಡ, ನನ್ನಷ್ಟೇ ವಯಸ್ಸು, ಗುಂಗುರು ಮಾಡಿಸಿದ ಚಿಕ್ಕ ಕೂದಲು, ಬಾಗಿ ವಂದಿಸಿದರು, ನಾನೂ ಬಾಗಿದೆ, ಇವರು ಗಡಿಬಿಡಿಯಲ್ಲಿ ಕೈಯೂ ಮುಗಿದು, ತಲೆಯೂ ಬಾಗಿ, ತೆಂಗಿನಕಾಯಿ ಬೀಳಿಸಿಯೇಬಿಡುತ್ತಿದ್ದರು, ಮಲ್ಲಿಗೆಯ ಕಟ್ಟನ್ನು ಕೊಟ್ಟೆ, ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿದರು, ಕಣ್ಣು ಮುಚ್ಚಿದರು, ಕೂತೆವು, ಈಗ ಹೇಳಬೇಕು, ಈಗಲೇ, ಹೇಳು ದಮಯಂತಿ — ಇಲ್ಲ, ಬಾಯಲ್ಲಿ ಏನೂ ಇಲ್ಲ, ಇಷ್ಟು ದಿನ ಗ್ರೈಂಡರಿನ ಮುಂದೆ ಹೇಳಿದ್ದೆಲ್ಲ ಎಲ್ಲಿ ಹೋಯಿತು, ಕೊ, ಕೊ ಅಂತ ಮಾತ್ರ ಉಂಟು, ಆ ಅಮ್ಮ ಸೂರಜ್‌ನನ್ನು ನೋಡಲಿಲ್ಲ, ಸುಜಿನ್‌ನನ್ನು ನೋಡಲಿಲ್ಲ, ನನ್ನನ್ನೇ ನೋಡಿ ಮೆಲ್ಲಗೆ ಅಂದರು, ನೊಮು ಮೊರೊಯೊ. ಅಂದು ಸುಮ್ಮನಾದರು. ಎಷ್ಟು ಸುಮ್ಮನೆ ಅಂದರೆ, ಸರಿಯಾಗಿ ಅಷ್ಟೇ, ಎಡಗಿವಿಯ ಹುಡುಗಿ ಬಿಡುವಷ್ಟೇ ಜಾಗ, ಮತ್ತು ನನ್ನ ಬಾಯಿ, ದಿನದಿನವೂ ಆ ಜಾಗದಲ್ಲಿ ತೆರೆದು ರೂಢಿಯಾದ ನನ್ನ ಹಾಳು ಬಾಯಿ, ತಾನೇ ತೆರೆದು ಅದನ್ನೇ ಹೇಳಿತು, ನೊಮು ಮೊರೊಯೊ. ಸೂರಜ್ ತಟ್ಟನೆ ತಿರುಗಿದ. ಆ ಅಮ್ಮನ ಕಣ್ಣು ಅಗಲವಾಯಿತು, ಮುಸೊವೊಯೊ ಅಂದರು, ಮತ್ತೆ ಅದೇ ಜಾಗ, ನಾನು ತುಟಿ ಕಚ್ಚುವುದರೊಳಗೆ ಮುಸೊವೊಯೊ ಅಂದುಬಿಟ್ಟೆ.

ಅಯ್ಯೋ ದೇವರೇ, ಎಂತ ಮಾಡಿದೆ, ದೊಡ್ಡವರ ಮಾತನ್ನು ಅಣಕಿಸುವ ಮಕ್ಕಳ ಹಾಗೆ, ನಿಶ್ಮಿತಾ ತೊಡೆಗೆ ಚಿವುಟಿದಳು, ಸೂರಜ್‌ನ ಮುಖದಲ್ಲಿ ರಕ್ತವಿಲ್ಲ, ನನ್ನ ಕೈಯಾರೆ ಹಾಳು ಮಾಡಿದೆ, ಮಗನ ಮದುವೆಯನ್ನು ನಾನೇ, ಕಲಿಯದೆ ಸುಮ್ಮನೆ ನಕ್ಕಿದ್ದರೆ ಸಾಕಿತ್ತು — ಮತ್ತೆ ಆ ಶಬ್ದಗಳು ಒಂದೊಂದಾಗಿ ಒಳಗೆ ಇಳಿದವು, ಎರಡೂ ನನಗೆ ಗೊತ್ತು, ಎರಡೂ ಪಾಠದಲ್ಲಿ ಬಂದದ್ದೇ, ತುಂಬಾ ದೂರ ಅಂದಿದ್ದರು ಅವರು, ತುಂಬಾ ದೂರ ಅಂದೆ ನಾನು, ಹೆದರಿಕೆಯಾಗುತ್ತದೆ ಅಂದಿದ್ದರು, ಹೆದರಿಕೆಯಾಗುತ್ತದೆ ಅಂದೆ, ಹೆದರಬೇಡಿ ಅನ್ನಲು ಇಷ್ಟು ದೂರ ಬಂದವಳು. ಸುಳ್ಳಾ? ಸುಳ್ಳಲ್ಲ. ಆ ಅಮ್ಮ ಎದ್ದರು, ಹೊರಡಿ ಅನ್ನುತ್ತಾರೆ ಅಂದುಕೊಂಡೆ, ನನ್ನ ತಲೆಯ ಹೂವನ್ನು ನೋಡಿದರು, ಕಟ್ಟಿನಿಂದ ಒಂದು ಮಾರು ಮಲ್ಲಿಗೆ ಬಿಡಿಸಿದರು, ಎರಡೂ ಕೈಯಲ್ಲಿ ನನಗೆ ಹಿಡಿದರು, ಆಮೇಲೆ ಮಗಳ ಭುಜ ಹಿಡಿದು ತಿರುಗಿಸಿ ಅವಳ ಬೆನ್ನನ್ನು ನನ್ನ ಕಡೆ ಮಾಡಿ ನಿಲ್ಲಿಸಿದರು. ಅಮ್ಮ, ಅವರು ಹೂಂ ಅಂದ್ರು, ಅಂದ ಸೂರಜ್, ಗೊತ್ತಾಯ್ತು ಮಗಾ, ನೀನು ಸುಮ್ಮನಿರು, ಸುಜಿನ್‌ನ ಕೂದಲು ರೇಷ್ಮೆ, ಹೂವು ಜಾರುತ್ತದೆ, ಮುಂಬ್ರಾದ ಕ್ಲಿಪ್ಪು ಎಲ್ಲಿ, ಪರ್ಸಿನಲ್ಲಿ ವಯರಿಗೆ ಸುತ್ತಿಕೊಂಡಿದೆ, ಬಿಡಿಸಿದೆ, ಸಿಕ್ಕಿಸಿದೆ, ಇವರು ಮೂಗು ಒರೆಸುತ್ತಾ ಎಂಥ ಸಹಸ್ರನಾಮ ಮಾರಾಯ್ತಿ ನಿನ್ನದು ಅನ್ನುತ್ತಿದ್ದಾರೆ, ನಾನು ನಗುತ್ತಿದ್ದೇನೆ, ಸುಜಿನ್‌ನ ತಲೆಯ ಆಚೆ ಅವಳ ಅಮ್ಮ ಮಾತಾಡುತ್ತಿದ್ದಾರೆ, ವೇಗವಾಗಿ, ಉದ್ದಕ್ಕೆ, ಯಾವ ಪಾಠದಲ್ಲೂ ಬಾರದ ಮಾತು, ಒಂದೂ ಅರ್ಥವಾಗುತ್ತಿಲ್ಲ, ನಾನು ತಲೆ ಆಡಿಸುತ್ತಿಲ್ಲ, ತುಟಿಯನ್ನೇ ನೋಡುತ್ತಿದ್ದೇನೆ, ಇಂಜಿನು ಗುರುಗುರು, ಸರಿಯದ ಗಾಜು, ಗಾಜಿನ ಆಚೆ ಅಮ್ಮನ ತುಟಿ, ನೊಮು ಮೊರೊಯೊ ಅಮ್ಮ, ತುಂಬಾ ದೂರ, ಅದೇ ಅಲ್ಲವಾ, ಆವತ್ತು ಬಸ್ಸಿನ ಹತ್ತಿರ ನೀವು ಅದೇ ಹೇಳಿದ್ದಲ್ಲವಾ, ಮತ್ತೊಮ್ಮೆ ಹೇಳಿ, ನೀವು ಹೇಳಿದ ಮೇಲೆ ನಾನು ಹೇಳುತ್ತೇನೆ, ಗಾಜಿನ ಆಚೆ, ಅಮ್ಮನ ತುಟಿ