ಮೂವತ್ತೊಂದು ಅಂಕಿಗಳ ಸಂಖ್ಯೆ

ನಿವೃತ್ತರಾದ ಗಣಿತದ ಮೇಷ್ಟ್ರು ಆರು ವರ್ಷಗಳಿಂದ ಕೋಣೆ ಬಿಟ್ಟು ಹೊರಬಂದದ್ದೇ ಅಪರೂಪ. ಮೂವತ್ತೊಂದು ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವೆಂದು ತೋರಿಸುವ ಹಟಕ್ಕೆ ಬಿದ್ದು, ಅದನ್ನು ಕೈಯಲ್ಲೇ ಭಾಗಿಸುತ್ತ ಕೂತಿದ್ದರು. ನೋಡಲಾರದೆ ತಂಗಿ ಅದನ್ನು ತನ್ನ ಆಫೀಸಿನ ಕಂಪ್ಯೂಟರಿಗೆ ಕೊಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

“ಅಣ್ಣಾ, ಅದು 4,127ರಿಂದ ಭಾಗವಾಗತ್ತೆ. ಇನ್ನಾದ್ರೂ ಹೊರಗೆ ಬಾ.”

ಮೇಷ್ಟ್ರು ಮೊದಲ ವರ್ಷದ ನೋಟ್‌ಬುಕ್ ತೆಗೆದು ನೋಡಿದರು. ಕಳೆಯುವಾಗ ಒಂದೇ ಒಂದು ಅಂಕಿ ತಪ್ಪಿತ್ತು. ನೋಟ್‌ಬುಕ್ ಮುಚ್ಚಿಟ್ಟರು. ತಂಗಿ ತಂದಿಟ್ಟ ಚಪ್ಪಲಿಗೆ ಕಾಲು ತೂರಿಸಿದರು. ಆದರೆ ಬಾಗಿಲಲ್ಲೇ ನಿಂತುಬಿಟ್ಟರು.

“ಭಾಗಿಸಿದ ಮೇಲೂ ಇಪ್ಪತ್ತೆಂಟು ಅಂಕಿ ಉಳಿಯತ್ತಲ್ಲಮ್ಮಾ. ಅದು ಅವಿಭಾಜ್ಯ ಇರಬಹುದಲ್ವಾ?”

“ಅದನ್ನೂ ನೋಡ್ಕೊಂಡೇ ಬಂದಿದೀನಿ. ಹೇಳ್ಲಾ?”

“ಬೇಡ, ದಮ್ಮಯ್ಯ, ಹೇಳ್ಬೇಡ!” ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡು ಮತ್ತೆ ಮೇಜಿನ ಮುಂದೆ ಹೋಗಿ ಕುಳಿತರು.